ಓದುಗರ ಪ್ರಶ್ನೆ: ತೋಟ ಬರೆದುಕೊಡುವ ಮುಂಚೆ

ಪ್ರಶ್ನೆ: ಜಪಾನಿನಲ್ಲಿ ವಯಸ್ಸಾದವರೇ ಹೆಚ್ಚಂತೆ. ನಮ್ಮೂರಿನಲ್ಲೂ ಬಾಗಿಲು ತೆರೆದಿರುವ ಮನೆಗಳಲ್ಲಿ ಎಪ್ಪತ್ತು ದಾಟಿದವರೇ ಇದ್ದೇವೆ. ಎರಡೂ ಒಂದೇ ಸಮಸ್ಯೆಯೆ?
– ಓದುಗರು, ಹೊಸನಗರ ತಾಲ್ಲೂಕು

ಉತ್ತರ: ಅರ್ಧ ಮಾತ್ರ ಒಂದೇ. ಹುಟ್ಟುವ ಮಕ್ಕಳು ಕಡಿಮೆಯಾಗಿ ಆಯಸ್ಸು ಹೆಚ್ಚಿದ್ದು ಎರಡೂ ಕಡೆ ನಿಜ. ಜಪಾನಿನಲ್ಲಿ ನೂರಕ್ಕೆ ಸುಮಾರು 29 ಮಂದಿ 65 ದಾಟಿದವರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು, ಜನಸಂಖ್ಯೆ ಇಳಿಯದಿರಲು 2.1 ಬೇಕು. ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ಸೇರಿಕೊಂಡಿದೆ: ಇರುವ ಮಕ್ಕಳೂ ಬೆಂಗಳೂರಿನಲ್ಲಿದ್ದಾರೆ. ಜಪಾನ್ 2000ದಲ್ಲೇ ವೃದ್ಧರ ಆರೈಕೆಗೆಂದು ವಿಮೆ ತಂದು, 40 ದಾಟಿದವರಿಂದ ಕಂತು ಕಟ್ಟಿಸಿಕೊಳ್ಳುತ್ತಿದೆ. ಮನೆಗೆ ಬಂದು ಸ್ನಾನ ಮಾಡಿಸುವವರ ಖರ್ಚಿನ ಬಹುಪಾಲು ಅದರಿಂದಲೇ ನಡೆಯುತ್ತದೆ. ನಮ್ಮ ಹಿರಿಯರಿಗೆ ಪಿಂಚಣಿಯೂ ವಿಮೆಯೂ ಅಡಿಕೆ ತೋಟವೇ. ಮಳೆಗಾಲದಲ್ಲಿ ಎರಡನೇ ಸಲ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಲು ಮರ ಹತ್ತುವ ಕೊನೆಗಾರ ಸಿಗದೆ ಕೊಳೆರೋಗ ಬಂದರೆ, ಉದುರುವುದು ಎಳೆಕಾಯಿ ಮಾತ್ರವಲ್ಲ, ಆ ವರ್ಷದ ಔಷಧಿಯ ದುಡ್ಡೂ ಹೌದು.

ಪ್ರಶ್ನೆ: ಎರಡು ಎಕರೆ ತೋಟವನ್ನು ಮಗನ ಹೆಸರಿಗೆ ದಾನಪತ್ರ ಮಾಡಿಕೊಡಿ ಎನ್ನುತ್ತಿದ್ದಾರೆ. ಆಮೇಲೆ ನೋಡಿಕೊಳ್ಳದಿದ್ದರೆ ಏನು ಗತಿ?
– ಓದುಗರು, ತೀರ್ಥಹಳ್ಳಿ

ಉತ್ತರ: ಆತುರಪಡಬೇಡಿ. ದಾನಪತ್ರ ನೋಂದಣಿಯಾದರೆ ತೋಟ ಮಗನದಾಯಿತು. ವಿಲ್ ಬರೆದರೆ ನೀವಿರುವತನಕ ನಿಮ್ಮದೇ, ಎಷ್ಟು ಸಲ ಬೇಕಾದರೂ ಬದಲಿಸಬಹುದು. ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಪಿತ್ರಾರ್ಜಿತವಾದರೆ ನಿಮ್ಮ ಪಾಲಿನಷ್ಟನ್ನು ಮಾತ್ರ ಬರೆಯಬಹುದು.

ದಾನಪತ್ರವೇ ಆಗಬೇಕೆಂದರೆ, ಹಿರಿಯ ನಾಗರಿಕರ ಪಾಲನೆಯ 2007ರ ಕಾಯ್ದೆಯ 23ನೇ ಕಲಂ ನೆನಪಿಡಿ. ಊಟ, ವಸತಿ, ಔಷಧೋಪಚಾರ ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯಾದರೆ, ಮಗ ತಪ್ಪಿದಾಗ ಆ ಪತ್ರವನ್ನು ರದ್ದುಮಾಡಿಸಬಹುದು. ಬಹಳ ಜನ ಸೋಲುವುದು ಇಲ್ಲೇ: ‘ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ’ ಎಂದಷ್ಟೇ ಬರೆಸಿರುತ್ತಾರೆ, ಷರತ್ತು ಬಾಯಿಮಾತಿನಲ್ಲೇ ಉಳಿದಿರುತ್ತದೆ. ಷರತ್ತು ಇತ್ತೆಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಹೇಳಿದೆ.

ದೂರು ಕೊಡುವುದು ಉಪವಿಭಾಗಾಧಿಕಾರಿಗೆ (ಎ.ಸಿ.). ನಿಮಗೆ ಶಿವಮೊಗ್ಗದ ಎ.ಸಿ. ಕಚೇರಿ, ಸೊರಬ, ಹೊಸನಗರದವರಿಗೆ ಸಾಗರ. ವಕೀಲರು ಬೇಕಿಲ್ಲ. ಪಹಣಿ, ಪತ್ರದ ನಕಲು, ವಯಸ್ಸಿನ ದಾಖಲೆ ಒಯ್ಯಿರಿ. ಮಾಹಿತಿಗೆ ಸಹಾಯವಾಣಿ 14567.

ನೋಂದಣಿಯ ಹಿಂದಿನ ದಿನ ಕರಡನ್ನು ಮಗ ಸೊಸೆ ಇಬ್ಬರ ಎದುರೂ ಜೋರಾಗಿ ಓದಿಸಿ. ಷರತ್ತಿನ ಸಾಲು ಅದರಲ್ಲಿ ಇಲ್ಲದಿದ್ದರೆ ಸಹಿ ಹಾಕಬೇಡಿ.