ಕೆಸರಿನ ಪರಾಗದಿಂದ ಬೆಟ್ಟದ ಹಳೇ ಹವೆ ಗೊತ್ತಾಗುವುದು ಹೇಗೆ? ಊಟಿ ಕೆರೆಯಲ್ಲಿ ಕೊರೆದರೆ ಸಿಗುತ್ತದಾ? ಎಷ್ಟು ಡಿಗ್ರಿ ಚಳಿ ಇತ್ತು ಅಂತಲೂ ಹೇಳಬಹುದಾ?

ಊಟಿ ಕೆರೆಯನ್ನು ಬಿಟ್ಟುಬಿಡಿ. ಅದು 1820ರ ದಶಕದಲ್ಲಿ ಕಲೆಕ್ಟರ್ ಜಾನ್ ಸಲಿವನ್ ಕಟ್ಟಿಸಿದ್ದು. ಕೆಸರನ್ನು ತಳದವರೆಗೆ ಕೊರೆದರೂ ಇನ್ನೂರು ವರ್ಷದ ಲೆಕ್ಕ ಸಿಕ್ಕೀತು, ಅಷ್ಟೇ. ನೀಲಗಿರಿಯ ಹಳೇ ಕಡತವಿರುವುದು ಮೇಲಿನ ಕಣಿವೆಗಳ ಜೌಗಿನಲ್ಲಿ, ಉದಾಹರಣೆಗೆ ಊಟಿ ಹತ್ತಿರದ ಸ್ಯಾಂಡಿನಲ್ಲಾದಲ್ಲಿ.

ನಾನು ತಾಳವಾಡಿಯವನು. ಜಿಲ್ಲೆ ಈರೋಡ್, ಮನೆಮಾತು ಕನ್ನಡ. ಬಾಟನಿ ಎಂಎಸ್ಸಿ ಮುಗಿಸಿ ಎರಡು ವರ್ಷ ಒಂದು ಪ್ರಾಜೆಕ್ಟಿನಲ್ಲಿ ಪರಾಗ ಎಣಿಸಿದ್ದೇನೆ, ಆ ಧೈರ್ಯದ ಮೇಲೆ ಹೇಳುತ್ತಿದ್ದೇನೆ.

ಗಿಡಮರದ ಪರಾಗ ಕೆಸರಿಗೆ ಬಿದ್ದು ಪದರ ಪದರವಾಗಿ ಉಳಿಯುತ್ತದೆ. ಯಾವ ಪದರದಲ್ಲಿ ಯಾವ ಗಿಡದ್ದು ಎಷ್ಟಿದೆ ಎಂದು ಎಣಿಸಿದರೆ ಆಗಿನ ಹವೆಯನ್ನು ಊಹಿಸಬಹುದು. ಪರಾಗದ ಹೊರಕವಚ ಸ್ಪೋರೊಪೊಲೆನಿನ್ ಎಂಬ ವಸ್ತುವಿನದು, ಮಹಾ ಗಟ್ಟಿ. ನೀರು ನಿಂತ, ಗಾಳಿಯಾಡದ ಕೆಸರಿನಲ್ಲಿ ಸಾವಿರಾರು ವರ್ಷವಾದರೂ ಕೊಳೆಯುವುದಿಲ್ಲ. ಲ್ಯಾಬಿನಲ್ಲಿ ನಾವು ಮಾಡುವುದೂ ಅದರ ಮೊಂಡುತನವನ್ನು ನಂಬಿಯೇ. ಕ್ಷಾರದಲ್ಲಿ ಕುದಿಸಿ, ಮರಳು ಕರಗಲು ಹೈಡ್ರೋಫ್ಲೋರಿಕ್ ಆಮ್ಲ ಹಾಕಿ, ಆಮೇಲೆ ಅಸಿಟಿಕ್ ಅನ್‌ಹೈಡ್ರೈಡ್ ಮತ್ತು ಸಲ್ಫ್ಯೂರಿಕ್ ಆಮ್ಲದ ಮಿಶ್ರಣದಲ್ಲಿ ಬಿಸಿ ಮಾಡಿದರೆ ಉಳಿದದ್ದೆಲ್ಲ ಹೋಗಿ ಪರಾಗ ಉಳಿಯುತ್ತದೆ. ಪ್ರತಿ ಸ್ಯಾಂಪಲ್ಲಿನಲ್ಲಿ ಮುನ್ನೂರು ಕಣವಾದರೂ ಎಣಿಸಬೇಕು. ಹುಲ್ಲಿನದು ಗುಂಡಗೆ, ಒಂದೇ ತೂತು. ಪೈನ್‌ನದಕ್ಕೆ ಎರಡು ಕಡೆ ಗಾಳಿಚೀಲ, ಇಲಿಯ ಕಿವಿಯ ಹಾಗೆ.

ಈ ಪೈನ್ ಒಮ್ಮೆ ನನ್ನ ಮಾನ ಕಳೆಯಿತು. ಒಂದು ಮೀಟರ್ ಆಳದ ಮಣ್ಣಿನಲ್ಲಿ ಒಂದಲ್ಲ ಎರಡಲ್ಲ, ಹದಿನಾಲ್ಕು ಪೈನ್ ಕಣ! ಖುಷಿಯಿಂದ ಓಡಿ ತೋರಿಸಿದೆ. ಗೈಡ್ ಕೇಳಿದ್ದು ಒಂದೇ ಮಾತು: "ಕೊರೆಯುವ ಕೊಳವೆ ತೊಳೆದಿದ್ಯೇನಪ್ಪಾ?" ದಕ್ಷಿಣ ಭಾರತದಲ್ಲಿ ತಾನಾಗಿ ಬೆಳೆದ ಪೈನ್ ಇಲ್ಲ, ಇರುವುದೆಲ್ಲ ನೆಟ್ಟದ್ದು. ಮೇಲಿನ ಪದರದ ಮಣ್ಣು ಕೊಳವೆಗೆ ಅಂಟಿಕೊಂಡು ಕೆಳಗೆ ಹೋಗಿತ್ತು. ಆ ಸ್ಯಾಂಪಲ್ ಪೂರ್ತಿ ದಂಡ.

ಪದರದ ವಯಸ್ಸಿಗೆ ರೇಡಿಯೊಕಾರ್ಬನ್ ಇದೆ, ಅಂದರೆ ಸತ್ತ ಗಿಡದಲ್ಲಿ ಕಾಲಕ್ರಮೇಣ ಕ್ಷೀಣಿಸುವ ಕಾರ್ಬನ್-14ರ ಲೆಕ್ಕ. ಸುಮಾರು 50,000 ವರ್ಷದವರೆಗೆ ನಡೆಯುತ್ತದೆ, ಅದರಾಚೆ ಕಷ್ಟ.

ಎಣಿಕೆಯನ್ನು ಇದ್ದಂತೆಯೇ ನಂಬಿದರೆ ಮೋಸ ಹೋಗುತ್ತೀರಿ. ಗಾಳಿಗೆ ಪರಾಗ ಬಿಡುವ ಹುಲ್ಲು ರಾಶಿ ರಾಶಿ ಉದುರಿಸುತ್ತದೆ. ಜೇನು, ಹಕ್ಕಿಯನ್ನು ನೆಚ್ಚಿದ ರೋಡೋಡೆಂಡ್ರಾನ್ ಮರ ಪಕ್ಕದಲ್ಲೇ ಕೆಂಪಗೆ ಹೂಬಿಟ್ಟು ನಿಂತಿದ್ದರೂ ಕೆಸರಿನಲ್ಲಿ ನಾಲ್ಕೇ ಕಣ. ಹಾಗಾಗಿ ಶೇಕಡಾ 70 ಹುಲ್ಲಿನ ಪರಾಗ ಎಂದರೆ ಬೆಟ್ಟದ ಶೇಕಡಾ 70 ಹುಲ್ಲುಗಾವಲು ಎಂದಲ್ಲ. ಇನ್ನೊಂದು ತೊಡಕು, ಹುಲ್ಲಿನ ಪರಾಗವೆಲ್ಲ ಹೆಚ್ಚುಕಮ್ಮಿ ಒಂದೇ ಥರ. ಒಣಹವೆಯ ಹುಲ್ಲೋ, ತೇವದ ಹುಲ್ಲೋ, ಸೂಕ್ಷ್ಮದರ್ಶಕ ಹೇಳುವುದಿಲ್ಲ.

ಆಗ ಕಾರ್ಬನ್ ಐಸೊಟೋಪು (ತೂಕ ಬೇರೆಯಾದ ಕಾರ್ಬನ್ ಪರಮಾಣು) ಕೈಹಿಡಿಯುತ್ತದೆ. ಗಿಡಗಳು ಗಾಳಿಯ ಕಾರ್ಬನ್ ಹಿಡಿಯುವ ಬಗೆ ಬೇರೆ ಬೇರೆ: ಮರಗಳದ್ದು ಸಿ3 ಬಗೆಯ ದ್ಯುತಿಸಂಶ್ಲೇಷಣೆ, ಬಿಸಿಲುನಾಡಿನ ಬಹುಪಾಲು ಹುಲ್ಲಿನದು ಒಣಹವೆಗೆ ಒಗ್ಗುವ ಸಿ4. ಎರಡರ ಕಾರ್ಬನ್ ಗುರುತು ಬೇರೆ, ಅದು ಪೀಟ್ ಮಣ್ಣಿನಲ್ಲಿ, ಅಂದರೆ ಜೌಗಿನಲ್ಲಿ ಅರೆಬರೆ ಕೊಳೆತ ಗಿಡಗಳಿಂದಾದ ಮಣ್ಣಿನಲ್ಲಿ, ಹಾಗೇ ಉಳಿದಿರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಜೊತೆಗಾರರು 1993ರಲ್ಲಿ ನೇಚರ್ ಪತ್ರಿಕೆಯಲ್ಲಿ ನೀಲಗಿರಿಯ ಪೀಟ್ ಬಗ್ಗೆ ಬರೆದದ್ದು ಇದನ್ನೇ. ಹಿಮಯುಗ ತಾರಕಕ್ಕೇರಿದ್ದ ಸುಮಾರು 20,000 ವರ್ಷದ ಹಿಂದೆ ಇಲ್ಲಿ ಒಣಹವೆ, ಸಿ4 ಹುಲ್ಲಿನದೇ ರಾಜ್ಯ. ಆಮೇಲೆ ಮುಂಗಾರು ಬಲವಾಯಿತು. ಇಲ್ಲೂ ನನ್ನದೊಂದು ತಕರಾರಿದೆ: ಆಗ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 180 ಪಿಪಿಎಂ (ಹತ್ತು ಲಕ್ಷಕ್ಕೆ 180 ಪಾಲು) ಮಾತ್ರ, ಅದೂ ಸಿ4 ಹುಲ್ಲಿಗೇ ಅನುಕೂಲ. ಎಲ್ಲವನ್ನೂ ಮಳೆಯ ತಲೆಗೇ ಕಟ್ಟಬಾರದು.

ನೀಲಗಿರಿಯ ಹುಲ್ಲುಗಾವಲೆಲ್ಲ ಜನ ಶೋಲಾ ಕಾಡು (ಬೆಟ್ಟದ ಕಣಿವೆಗಳ ಗಿಡ್ಡ ಮರದ ದಟ್ಟ ಕಾಡು) ಸುಟ್ಟು ಮಾಡಿದ್ದು ಎಂದು ವಾದಿಸುವವರಿಗೂ ಇದರಲ್ಲಿ ಉತ್ತರವಿದೆ. ಹುಲ್ಲು ಅಷ್ಟು ಹಳೆಯದು. ಜನವರಿಯ ಬೆಳಿಗ್ಗೆ ಬಯಲಿನ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಇಬ್ಬನಿ ಹೆಪ್ಪುಗಟ್ಟಿರುವುದನ್ನು ನೋಡಿದರೆ, ಅಲ್ಲಿ ಶೋಲಾ ಸಸಿ ಏಕೆ ಬದುಕುವುದಿಲ್ಲ ಎಂದು ಯಾರೂ ವಿವರಿಸಬೇಕಾಗಿಲ್ಲ.

ಇನ್ನು ಡಿಗ್ರಿ ಲೆಕ್ಕ. ಪರಾಗ ನೇರವಾಗಿ ಹೇಳುವುದು ಗಿಡಮರದ ಸುದ್ದಿ, ಉಷ್ಣತೆಯದಲ್ಲ. ಅದಕ್ಕೆ ಇವತ್ತಿನ ಹೋಲಿಕೆ ಬೇಕು. ಬೆಟ್ಟದ ಬುಡದ ಮೆಟ್ಟುಪಾಳ್ಯದಿಂದ 2,637 ಮೀಟರಿನ ದೊಡ್ಡಬೆಟ್ಟದವರೆಗೆ ಒಂದೊಂದು ಎತ್ತರದಲ್ಲೂ ಬಂಡೆಯ ಮೇಲಿನ ಪಾಚಿ ಕಿತ್ತು ತಂದು, ಅದರಲ್ಲಿ ಬಿದ್ದ ಈಗಿನ ಪರಾಗ ಎಣಿಸಿ, ಅಲ್ಲಿನ ಈಗಿನ ಮಳೆ, ಚಳಿಗೆ ತಾಳೆ ಹಾಕಬೇಕು. ಆಮೇಲೆ ಹಳೇ ಪದರ ಯಾವ ಎತ್ತರದ ಪಾಚಿಯನ್ನು ಹೋಲುತ್ತದೆ ಎಂದು ನೋಡುವುದು. ಇಷ್ಟಾದರೂ ಸಿಗುವುದು ಒಂದು ಅಂದಾಜು, ಹಿಂದೆಮುಂದೆ ಒಂದೆರಡು ಡಿಗ್ರಿ ಬಿಟ್ಟುಕೊಂಡೇ ಓದಬೇಕು.