ಚಡ್ಡಿಯಲ್ಲಿ ಸೋರುತ್ತಿರುವುದು ಭೇದಿಯಲ್ಲ

ಪ್ರಶ್ನೆ: ನನ್ನ ಮಗನಿಗೆ ಆರು ವರ್ಷ. ಮೂರು ವರ್ಷದವನಿದ್ದಾಗ ಆಟಿಸಂ ಅಂತ ಹೇಳಿದರು. ಮಾತು ಇನ್ನೂ ಬಂದಿಲ್ಲ. ತಿನ್ನುವುದು ಐದೇ ಐದು: ಹಾಲು, ಮೊಸರನ್ನ, ಗ್ಲೂಕೋಸ್ ಬಿಸ್ಕತ್ತು, ಮಂಡಕ್ಕಿ, ಚಪಾತಿ. ಹಾಲು ದಿನಕ್ಕೆ ಐದು ಲೋಟ ಆಗುತ್ತದೆ. ಎರಡು ತಿಂಗಳಿಂದ ದಿನಕ್ಕೆ ನಾಲ್ಕೈದು ಸಲ ಚಡ್ಡಿಯಲ್ಲೇ ಸ್ವಲ್ಪ ಸ್ವಲ್ಪ ಕಕ್ಕ ಮಾಡಿಕೊಳ್ಳುತ್ತಿದ್ದಾನೆ. ಲೂಸ್ ಮೋಷನ್ ಅಂದುಕೊಂಡು ಅಂಗಡಿಯಲ್ಲಿ ಕೇಳಿ ಮಾತ್ರೆ ತಂದು ಕೊಟ್ಟೆ, ಕಡಿಮೆಯಾಗಲಿಲ್ಲ. ರಾತ್ರಿ ಎದ್ದು ಚೀರುತ್ತಾನೆ, ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾನೆ. ಸಂಜೆ ಹೊತ್ತು ಸೋಫಾದ ಕೈ ಮೇಲೆ ಬೋರಲು ಮಲಗಿ ಹೊಟ್ಟೆ ಒತ್ತಿಕೊಳ್ಳುತ್ತಾನೆ. ನಮ್ಮ ನಾದಿನಿ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಕಳಿಸಿದ್ದಾಳೆ. ಹಾಲು, ಗೋಧಿ ಪೂರ್ತಿ ನಿಲ್ಲಿಸಿದರೆ ಹೊಟ್ಟೆಯೂ ಸರಿಹೋಗುತ್ತೆ, ಆಟಿಸಂ ಕೂಡ ಹೋಗುತ್ತೆ ಅಂತ. ನಿಲ್ಲಿಸಿದರೆ ಅವನು ತಿನ್ನುವುದಾದರೂ ಏನನ್ನು?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಸೋಫಾದ ಕೈ ಮೇಲೆ ಬೋರಲು ಮಲಗುತ್ತಾನೆ ಅಂತ ಬರೆದಿದ್ದೀರಲ್ಲ ಅಮ್ಮ, ಆ ಸಾಲಿನ ಹತ್ತಿರ ನಾನು ನಿಂತುಬಿಟ್ಟೆ. ಮಾತು ಬಾರದ ಮಗು ‘ಹೊಟ್ಟೆ ನೋವು’ ಅಂತ ಹೇಳುವ ರೀತಿ ಅದು. ಮಕ್ಕಳ ವೈದ್ಯೆಯಾಗಿ ಇಷ್ಟು ವರ್ಷದಲ್ಲಿ ಮಂಚದ ಅಂಚಿಗೆ, ಮೇಜಿನ ಮೂಲೆಗೆ, ಅಮ್ಮನ ಮೊಣಕಾಲಿಗೆ ಹೊಟ್ಟೆ ಒತ್ತಿ ನಿಲ್ಲುವ ಎಷ್ಟೋ ಮಕ್ಕಳನ್ನು ನೋಡಿದ್ದೇನೆ. ತಲೆ ಚಚ್ಚಿಕೊಳ್ಳುವುದು, ರಾತ್ರಿ ಚೀರುವುದು ಎಲ್ಲವನ್ನೂ ‘ಆಟಿಸಂ ಅಲ್ವಾ, ಹಾಗೇ ಇರುತ್ತೆ’ ಅಂತ ಬಿಟ್ಟುಬಿಡುತ್ತಾರೆ. ಬಿಡಬಾರದು. 2010ರಲ್ಲಿ ಅಮೆರಿಕದ ‘ಪೀಡಿಯಾಟ್ರಿಕ್ಸ್’ ವೈದ್ಯಕೀಯ ಪತ್ರಿಕೆಯಲ್ಲಿ ತಜ್ಞರ ತಂಡವೊಂದು ಇದನ್ನೇ ಹೇಳಿತು. ಇಂಥ ಮಕ್ಕಳ ನಡವಳಿಕೆ ಇದ್ದಕ್ಕಿದ್ದಂತೆ ಕೆಟ್ಟರೆ ಹೊಟ್ಟೆಯನ್ನೂ ಪರೀಕ್ಷಿಸಬೇಕು ಅಂತ.

ಈಗ ಸೋರುವ ವಿಷಯ. ನಿಮ್ಮ ಮಗನಿಗೆ ಆಗಿರುವುದು ಬಹುಪಾಲು ಭೇದಿಯಲ್ಲ, ಅದರ ತದ್ವಿರುದ್ಧ, ಮಲಬದ್ಧತೆ. ಕರುಳಿನ ಕೊನೆಯಲ್ಲಿ ಮಲ ಗಟ್ಟಿಯಾಗಿ ಕಲ್ಲಿನಂತೆ ಕೂತಿರುತ್ತದೆ. ಮೇಲಿನಿಂದ ಬರುವ ನೀರಾದ ಮಲ ಅದರ ಪಕ್ಕದಿಂದ ಜಾರಿ ಚಡ್ಡಿಗೆ ಇಳಿಯುತ್ತದೆ. ಕರುಳು ಹಿಗ್ಗಿ ಹಿಗ್ಗಿ ಅರಿವನ್ನೇ ಕಳೆದುಕೊಂಡಿರುತ್ತದೆ, ಹಾಗಾಗಿ ಮಗುವಿಗೆ ಅದು ಗೊತ್ತೇ ಆಗುವುದಿಲ್ಲ. ಬೈದು ಪ್ರಯೋಜನವಿಲ್ಲ. ಭೇದಿ ನಿಲ್ಲಿಸುವ ಮಾತ್ರೆಯಂತೂ ಇನ್ನು ಬೇಡವೇ ಬೇಡ. ಮೊದಲೇ ನಿಂತ ಕರುಳನ್ನು ಅದು ಇನ್ನಷ್ಟು ನಿಲ್ಲಿಸುತ್ತದೆ.

ಈ ವಾರವೇ ಮಕ್ಕಳ ವೈದ್ಯರ ಹತ್ತಿರ ಹೋಗಿ. ಹೊಟ್ಟೆಯ ಎಡಗಡೆ ಕೆಳಗೆ ಕೈಯಿಟ್ಟರೆ ಆ ಗಟ್ಟಿ ಉಂಡೆ ಎಷ್ಟೋ ಸಲ ಸಿಕ್ಕಿಬಿಡುತ್ತದೆ. ಮೊದಲು ಕೆಲವು ದಿನ ಜಾಸ್ತಿ ಔಷಧಿ ಕೊಟ್ಟು ಹೊಟ್ಟೆ ಖಾಲಿ ಮಾಡಿಸುತ್ತಾರೆ. ಆಮೇಲೆ ದಿನವೂ ಮೆತ್ತಗೆ ಆಗುವಂತೆ ತಿಂಗಳುಗಟ್ಟಲೆ ಕೊಡುತ್ತಾರೆ. ಸಾಮಾನ್ಯವಾಗಿ ಬರೆಯುವುದು ಪಾಲಿಇಥಿಲೀನ್ ಗ್ಲೈಕಾಲ್ ಎಂಬ ಪುಡಿಯನ್ನು. ಮಲದಲ್ಲಿ ನೀರು ಹಿಡಿದಿಡುವುದೇ ಅದರ ಕೆಲಸ. ಅಳತೆ ಮಗುವಿನ ತೂಕದ ಮೇಲೆ, ಅದನ್ನು ವೈದ್ಯರೇ ಹೇಳಬೇಕು. ‘ಅಭ್ಯಾಸವಾಗಿಬಿಡುತ್ತೆ’ ಅಂತ ಹೆದರಿ ಒಂದೇ ವಾರಕ್ಕೆ ನಿಲ್ಲಿಸಿ, ಮತ್ತೆ ಅದೇ ಅವಸ್ಥೆಯಲ್ಲಿ ಬಂದ ತಾಯಂದಿರನ್ನು ನಾನು ಬಹಳ ನೋಡಿದ್ದೇನೆ. ಅಭ್ಯಾಸವಾಗುವುದಿಲ್ಲ. ಹಿಗ್ಗಿದ ಕರುಳು ಮತ್ತೆ ಕುಗ್ಗಲು ಸಮಯ ಬೇಕು, ಅಷ್ಟೇ. ಮಗನಿಗೆ ಬೇರೆ ಮಾತ್ರೆ ನಡೆಯುತ್ತಿದ್ದರೆ ಆ ಚೀಟಿಯನ್ನೂ ತೋರಿಸಿ. ಹಸಿರು ವಾಂತಿ, ಮಲದಲ್ಲಿ ರಕ್ತ, ಹೊಟ್ಟೆ ಉಬ್ಬರ ಕಂಡರೆ ಮಾತ್ರ ವಾರ ಕಾಯಬೇಡಿ, ಅವತ್ತೇ ಹೋಗಿ. ತೂಕ ಇಳಿಯುತ್ತಿದ್ದರೆ ಅದನ್ನೂ ಹೇಳಿ.

ಊಟವಾದ ಮೇಲೆ ಕರುಳು ತಾನಾಗಿ ಚುರುಕಾಗುತ್ತದೆ. ಬೆಳಗ್ಗೆ, ರಾತ್ರಿ ಊಟವಾದ ಹತ್ತಿಪ್ಪತ್ತು ನಿಮಿಷಕ್ಕೆ ಐದು ನಿಮಿಷ ಕೂರಿಸಿ. ಕಮೋಡ್ ಆದರೆ ಕಾಲು ಜೋತಾಡಬಾರದು, ಕೆಳಗೆ ಒಂದು ಸ್ಟೂಲ್ ಇಡಿ. ಕೂರಲು ಒಪ್ಪುವುದಿಲ್ಲವಾ? ಯಾಕೆ ಅಂತ ಹುಡುಕಿ. ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹುಡುಗ ಬಚ್ಚಲುಮನೆಯ ಬಾಗಿಲಲ್ಲೇ ಕಿವಿ ಮುಚ್ಚಿಕೊಂಡು ನಿಂತುಬಿಡುತ್ತಿದ್ದ. ಅವನ ಅಮ್ಮ ಒಂದು ದಿನ ಎಕ್ಸಾಸ್ಟ್ ಫ್ಯಾನ್ ಆಫ್ ಮಾಡಿ ನೋಡಿದರು. ಒಳಗೆ ಹೋಗಿ ಕೂತ. ಫಿನಾಯಿಲ್ ವಾಸನೆ, ತಣ್ಣೀರು, ಫ್ಲಶ್ ಸದ್ದು, ಯಾವುದೂ ಕಾರಣವಾಗಿರಬಹುದು.

ಇನ್ನು ಗೋಧಿ, ಹಾಲು. ಗೋಧಿಯ ಗ್ಲುಟೆನ್, ಹಾಲಿನ ಕೇಸಿನ್ ಎಂಬ ಪ್ರೋಟೀನುಗಳು ಪೂರ್ತಿ ಜೀರ್ಣವಾಗದೆ ಅಫೀಮಿನ ಥರದ ಚೂರುಗಳಾಗಿ ಮೆದುಳಿಗೆ ಹೋಗುತ್ತವೆ ಅನ್ನುವುದು 40 ವರ್ಷಕ್ಕೂ ಹಳೆಯ ಊಹೆ. ಇವೆರಡೂ ಇಲ್ಲದ ಊಟ ಯಾವ ಮಗುವಿಗೆ, ಮಾಮೂಲಿ ಊಟ ಯಾವ ಮಗುವಿಗೆ ಅಂತ ಅಪ್ಪ-ಅಮ್ಮನಿಗೂ, ಪರೀಕ್ಷೆ ಮಾಡುವವರಿಗೂ ತಿಳಿಸದೆ ನೋಡಿದಾಗ ಆಟಿಸಂ ಲಕ್ಷಣಗಳಲ್ಲಿ ನಂಬುವಂಥ ಬದಲಾವಣೆ ಕಾಣಲಿಲ್ಲ. ನಾದಿನಿ ಪ್ರೀತಿಯಿಂದಲೇ ಕಳಿಸಿರುತ್ತಾರೆ. ಆದರೆ ಐದೇ ತಿನ್ನುವ ಮಗುವಿನ ತಟ್ಟೆಯಿಂದ ನಾಲ್ಕನ್ನು ತೆಗೆದರೆ ಉಳಿಯುವುದು ಮಂಡಕ್ಕಿ ಒಂದೇ. ನಾನು ಒಪ್ಪುವುದಿಲ್ಲ. ಗೋಧಿಯಿಂದಲೇ ಬರುವ ಸೀಲಿಯಾಕ್ ಕಾಯಿಲೆ ನಿಜವಾಗಿಯೂ ಇದೆ, ಅದು ಬೇರೆ ವಿಷಯ. ಅದರ ಅನುಮಾನವಿದ್ದರೆ ರಕ್ತಪರೀಕ್ಷೆ ಮಾಡಿಸುವವರೆಗೆ ಚಪಾತಿ ನಿಲ್ಲಿಸಬೇಡಿ. ಮೊದಲೇ ನಿಲ್ಲಿಸಿದರೆ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಇಲ್ಲ ಅಂತ ಬರಬಹುದು.

ಹಾಲು ನಿಲ್ಲಿಸಬೇಡಿ, ಇಳಿಸಿ. ಐದು ಲೋಟ ತುಂಬಾ ಜಾಸ್ತಿ. ಹೊಟ್ಟೆ ಹಾಲಲ್ಲೇ ತುಂಬಿದರೆ ಬೇರೆ ಊಟಕ್ಕೆ ಹಸಿವೆಲ್ಲಿ? ಕಬ್ಬಿಣಾಂಶವೂ ಕಡಿಮೆಯಾಗುತ್ತದೆ. ವಾರಕ್ಕೆ ಅರ್ಧ ಲೋಟದಂತೆ ಇಳಿಸುತ್ತಾ ದಿನಕ್ಕೆ 400-500 ಮಿಲಿಗೆ ತನ್ನಿ, ಇಳಿಸಿದಷ್ಟು ನೀರು ಕುಡಿಸುವುದನ್ನು ಜಾಸ್ತಿ ಮಾಡಿ. ಹಿಮೋಗ್ಲೋಬಿನ್ ಒಮ್ಮೆ ನೋಡಿಸಿ. ತರಕಾರಿ, ಹಣ್ಣು ಏನೂ ಇಲ್ಲದ ಕಾರಣ ವಸಡಿನಲ್ಲಿ ರಕ್ತ ಬರುತ್ತದಾ, ಕಾಲು ನೋವಿನಿಂದ ನಡೆಯಲು ಒಪ್ಪುವುದಿಲ್ಲವಾ ಗಮನಿಸಿ. ಸಿ ವಿಟಮಿನ್ ಇಲ್ಲದೆ ಬರುವ ಸ್ಕರ್ವಿ ಇಂಥ ಮಕ್ಕಳಲ್ಲಿ ಈಗಲೂ ಸಿಗುತ್ತದೆ.

‘ನೀನೇ ಮುದ್ದು ಮಾಡಿ ಕೆಡಿಸಿದ್ದೀಯ’ ಅಂತ ಮನೆಯಲ್ಲಿ ಯಾರಾದರೂ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. 1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಬಗ್ಗೆ ಮೊದಲು ಬರೆದಾಗಲೇ, ಅವರು ನೋಡಿದ 11 ಮಕ್ಕಳಲ್ಲಿ ಹಲವರಿಗೆ ಹಸುಗೂಸಿನಿಂದಲೇ ಊಟದ ತೊಂದರೆ ಇತ್ತು. ನಾಲಿಗೆಗೆ ಸಿಗುವ ತರಿ, ವಾಸನೆ, ಬಣ್ಣ ಇವರಿಗೆ ನಮಗಿಂತ ಎಷ್ಟೋ ಜೋರಾಗಿ ತಾಗುತ್ತವೆ.

ಹಾಗಾಗಿ ಅವನಿಗೆ ಗೊತ್ತಿರುವುದರಿಂದಲೇ ಒಂದು ಹೆಜ್ಜೆ ಇಡಿ. ಮಂಡಕ್ಕಿ ಬಟ್ಟಲಲ್ಲಿ ನಾಲ್ಕು ಕಾಳು ಜೋಳದ ಅರಳು ಇಡಿ. ಅದೂ ಬಿಳಿ, ಅದೂ ಗರಿಗರಿ, ನಾರಿನಂಶ ಮಾತ್ರ ಜಾಸ್ತಿ. ಮುಟ್ಟಿದರೆ ಸಾಕು, ಮೂಸಿದರೆ ಇನ್ನೂ ಸಂತೋಷ. ಹತ್ತು ಹದಿನೈದು ಸಲ ಬೇಕಾಗಬಹುದು. ಮೊಸರನ್ನದೊಳಗೆ ಸೊಪ್ಪು ಮುಚ್ಚಿಟ್ಟು ತಿನ್ನಿಸುವ ಉಪಾಯ ಮಾತ್ರ ಬೇಡ. ಗೊತ್ತಾದರೆ ಮೊಸರನ್ನವನ್ನೂ ಬಿಟ್ಟುಬಿಡುತ್ತಾನೆ, ಆಗ ಉಳಿಯುವುದು ನಾಲ್ಕೇ.

ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಇವತ್ತಿನಿಂದಲೇ ಬರೆಯುತ್ತಾ ಬನ್ನಿ: ಕಕ್ಕ ಆಯಿತಾ, ಗಟ್ಟಿಯಾ ಮೆತ್ತಗಾ, ಚಡ್ಡಿ ಎಷ್ಟು ಸಲ ಬದಲಿಸಿದಿರಿ, ರಾತ್ರಿ ಎದ್ದನಾ. ಆಸ್ಪತ್ರೆಗೆ ಹೋಗುವಾಗ ಆ ಹಾಳೆಯನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡು ಹೋಗಿ. ಸೋಫಾದ ಮೇಲೆ ಮಲಗುವುದನ್ನೂ ಒಂದು ನಿಮಿಷ ವಿಡಿಯೋ ಮಾಡಿಕೊಂಡು ಹೋಗಿ ತೋರಿಸಿ.