ಎಚ್‌ಪಿವಿ ಪಾಸಿಟಿವ್ ಬಂದಿದೆ, ಮುಂದೇನು?

ಪತ್ರ: ನನಗೆ 41 ವರ್ಷ. ತಪಾಸಣೆಯಲ್ಲಿ ಎಚ್‌ಪಿವಿ 16 ಪಾಸಿಟಿವ್, ಪ್ಯಾಪ್ ಸ್ಮಿಯರ್ ನಾರ್ಮಲ್ ಎಂದು ಬಂದಿದೆ. ನನಗೆ ಕ್ಯಾನ್ಸರ್ ಆಗಿಯೇ ತೀರುತ್ತದೆಯೇ? ಮದುವೆಯಾಗಿ ಹದಿನೆಂಟು ವರ್ಷದ ಮೇಲೆ ಈ ಸೋಂಕು ಎಲ್ಲಿಂದ ಬಂತು? ಹದಿಮೂರರ ಮಗಳಿಗೆ ಲಸಿಕೆ ಹಾಕಿಸಲೇ? (ಹೆಸರು ಬೇಡ)

ಸಂಪಾದಕರ ಉತ್ತರ: ಆಗಿಯೇ ತೀರುತ್ತದೆ ಎಂದೇನಿಲ್ಲ, ಧೈರ್ಯವಾಗಿರಿ. ಆದರೆ ವರದಿಯಲ್ಲಿ 16 ಎಂದಿರುವುದರಿಂದ ಪ್ಯಾಪ್ (ಗರ್ಭಕಂಠದ ಜೀವಕೋಶಗಳ ಪರೀಕ್ಷೆ) ನಾರ್ಮಲ್ ಇದೆಯೆಂದು ಸುಮ್ಮನಿರಬೇಡಿ, ಕಾಲ್ಪೊಸ್ಕೋಪಿ (ಗರ್ಭಕಂಠವನ್ನು ಹಿಗ್ಗಿಸಿ ನೋಡುವ ಪರೀಕ್ಷೆ) ಮಾಡಿಸಿಕೊಳ್ಳಿ.

ಎಚ್‌ಪಿವಿ, ಅಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್‌ನಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಕೈಕಾಲಿನ ನರಹುಲಿಗೆ ಕಾರಣವಾಗುವವು ಬೇರೆ, ಕ್ಯಾನ್ಸರ್‌ಗೆ ದಾರಿ ಮಾಡುವ ಹನ್ನೆರಡು-ಹದಿನಾಲ್ಕು ಬಗೆಗಳು ಬೇರೆ. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ 70ರಷ್ಟಕ್ಕೆ 16 ಮತ್ತು 18 ಎಂಬ ಎರಡೇ ಬಗೆಗಳು ಕಾರಣ. ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅವರ ತಂಡ 1983-84ರಲ್ಲಿ ಇವನ್ನು ಪತ್ತೆಹಚ್ಚಿತು. 2008ರಲ್ಲಿ ಅವರಿಗೆ ನೊಬೆಲ್ ಬಂತು.

ಕಣ್ಣಿಗೆ ಕಾಣದಷ್ಟು ಸಣ್ಣ ಗೀರಿನ ಮೂಲಕ ವೈರಸ್ ಗರ್ಭಕಂಠದ ತಳಪದರದ ಜೀವಕೋಶಗಳಿಗೆ ಇಳಿಯುತ್ತದೆ. ಜ್ವರವಿಲ್ಲ, ನೋವಿಲ್ಲ, ರಕ್ತಕ್ಕೂ ಹೋಗುವುದಿಲ್ಲ. ಹಾಗಾಗಿ ದೇಹದ ರೋಗನಿರೋಧಕ ಶಕ್ತಿಗೆ ಸುಳಿವು ಸಿಗುವುದು ತಡವಾಗುತ್ತದೆ. ಸಿಕ್ಕ ಮೇಲೆ ಹತ್ತರಲ್ಲಿ ಸುಮಾರು ಒಂಬತ್ತು ಸೋಂಕುಗಳು ಎರಡು ವರ್ಷದೊಳಗೆ ಶಮನವಾಗುತ್ತವೆ. ಅಪಾಯವಿರುವುದು ಶಮನವಾಗದೆ ವರ್ಷಗಟ್ಟಲೆ ಉಳಿದುಬಿಡುವ ಸೋಂಕಿನಲ್ಲಿ.

ತನ್ನ ಡಿಎನ್‌ಎಯ ನಕಲು ತೆಗೆಯುವ ಸಾಮಗ್ರಿ ವೈರಸ್ ಬಳಿ ಸಾಕಷ್ಟಿಲ್ಲ. ಅದಕ್ಕೆ ವಿಭಜನೆಯಾಗುತ್ತಲೇ ಇರುವ ಜೀವಕೋಶ ಬೇಕು. ಅದರ ಇ7 ಎಂಬ ಪ್ರೋಟೀನು ವಿಭಜನೆಗೆ ತಡೆ ಹಾಕುವ ನಮ್ಮ ಆರ್‌ಬಿ ಪ್ರೋಟೀನನ್ನು ಕಟ್ಟಿಹಾಕುತ್ತದೆ. ಇ6 ಎಂಬುದು ಪಿ53 ಅನ್ನು ನಾಶಮಾಡಿಸುತ್ತದೆ. ಕೆಟ್ಟ ಡಿಎನ್‌ಎ ಕಂಡರೆ ವಿಭಜನೆ ನಿಲ್ಲಿಸುವ, ಸರಿಪಡಿಸಲಾಗದಿದ್ದರೆ ಜೀವಕೋಶವನ್ನೇ ಸಾಯಿಸುವ ಪ್ರೋಟೀನು ಈ ಪಿ53. ಮೊದಮೊದಲು ವೈರಸ್‌ನದೇ ಇ2 ಎಂಬ ಪ್ರೋಟೀನು ಇ6, ಇ7ಗಳೆರಡನ್ನೂ ಹದ್ದುಬಸ್ತಿನಲ್ಲಿಡುತ್ತದೆ. ಸೋಂಕು ಬಹುಕಾಲ ಉಳಿದಾಗ, ವೈರಸ್‌ನ ಉಂಗುರದಂಥ ಡಿಎನ್‌ಎ ತುಂಡಾಗಿ ನಮ್ಮ ವರ್ಣತಂತುವಿಗೆ ಸೇರಿಕೊಳ್ಳುವುದುಂಟು. ಆ ತುಂಡಾಗುವಿಕೆ ಎಷ್ಟೋ ಸಲ ಇ2 ವಂಶವಾಹಿಯ ಮೇಲೆಯೇ ಆಗುತ್ತದೆ. ಆಗ ಇ6, ಇ7ಗಳಿಗೆ ಲಗಾಮಿಲ್ಲ. ಆದರೂ ಇಷ್ಟಕ್ಕೇ ಕ್ಯಾನ್ಸರ್ ಆಗಿಬಿಡುವುದಿಲ್ಲ. ಕಾವಲು ತಪ್ಪಿದ ಜೀವಕೋಶಗಳಲ್ಲಿ ಒಂದರ ಮೇಲೊಂದು ದೋಷ ಸೇರಬೇಕು. ಇದಕ್ಕೆ ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಚಿಕಿತ್ಸೆ ಪಡೆಯದ ಎಚ್‌ಐವಿ ಇದ್ದರೆ 5-10 ವರ್ಷವೇ ಸಾಕು. ಧೂಮಪಾನವೂ ಅಪಾಯ ಹೆಚ್ಚಿಸುತ್ತದೆ.

ಈ ನಡುವಿನ ವರ್ಷಗಳೇ ನಿಮಗಿರುವ ಅವಕಾಶ. ಪ್ಯಾಪ್‌ನಲ್ಲಿ ಕೆರೆದು ತೆಗೆದ ಮಾದರಿಯಲ್ಲಿ ಕೆಟ್ಟ ಭಾಗ ಬರದೇ ಇರಬಹುದು. ಕಾಲ್ಪೊಸ್ಕೋಪಿಯಲ್ಲಿ ಶೇ 3ರಿಂದ 5ರ ಅಸಿಟಿಕ್ ಆಮ್ಲ ಹಚ್ಚಿ, ಒಂದು ನಿಮಿಷ ಬಿಟ್ಟು, ಹಿಗ್ಗಿಸಿ ನೋಡುತ್ತಾರೆ. ಬೆಳ್ಳಗಾದ ಜಾಗದಿಂದ ಬಯಾಪ್ಸಿ (ಪರೀಕ್ಷೆಗೆ ಸಣ್ಣ ಚೂರು) ತೆಗೆಯುತ್ತಾರೆ. ಮೂರನೇ ದರ್ಜೆಯ ಪೂರ್ವಕ್ಯಾನ್ಸರ್ ಬದಲಾವಣೆಯನ್ನು ಹಾಗೇ ಬಿಟ್ಟರೆ 30 ವರ್ಷದಲ್ಲಿ ಹತ್ತಿರಹತ್ತಿರ ಮೂರರಲ್ಲೊಂದು ಕ್ಯಾನ್ಸರ್ ಆಗುತ್ತದೆ. ಆ ಹಂತದಲ್ಲಿ ಬಿಸಿ ತಾಗಿಸಿ ಸುಡುವ ಅಥವಾ ತಂತಿಯ ಕುಣಿಕೆಯಿಂದ ಆ ಭಾಗವನ್ನಷ್ಟೇ ತೆಗೆಯುವ ಚಿಕಿತ್ಸೆ ಸಾಮಾನ್ಯವಾಗಿ ಸಾಕು. "ಗರ್ಭಕೋಶವನ್ನೇ ತೆಗೆಸಿಬಿಡಿ" ಎಂದು ಯಾರಾದರೂ ಹೇಳಿದರೆ, ಬಯಾಪ್ಸಿ ವರದಿ ಕೇಳಿ, ಇನ್ನೊಬ್ಬ ತಜ್ಞರನ್ನು ಕಾಣದೆ ಒಪ್ಪಬೇಡಿ. ಒಳಗೆ ಕ್ಯಾನ್ಸರ್ ಅಡಗಿದ್ದು, ಪರೀಕ್ಷಿಸದೆ ಸಾದಾ ಶಸ್ತ್ರಚಿಕಿತ್ಸೆ ಮಾಡಿಬಿಟ್ಟರೆ ಮುಂದಿನ ಚಿಕಿತ್ಸೆ ಕಷ್ಟವಾಗುತ್ತದೆ.

ಇದು ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು, ಆದರೆ ಎಲ್ಲಿಂದ ಬಂತೆಂದು ಈ ಪರೀಕ್ಷೆ ಹೇಳಲಾರದು. ವರ್ಷಗಟ್ಟಲೆ ಪತ್ತೆಯಾಗದಷ್ಟು ತಗ್ಗಿ, ಮತ್ತೆ ಕಾಣಿಸಿಕೊಳ್ಳುವುದು ಈ ವೈರಸ್‌ಗೆ ಸಾಧ್ಯ. ದಯವಿಟ್ಟು ಈ ವರದಿಯನ್ನು ಹಿಡಿದು ಗಂಡನನ್ನಾಗಲಿ ನಿಮ್ಮನ್ನಾಗಲಿ ಅನುಮಾನಿಸಬೇಡಿ.

ಮಗಳಿಗೆ ಖಂಡಿತ ಹಾಕಿಸಿ. ಲಸಿಕೆಯಲ್ಲಿ ಇರುವುದು ವೈರಸ್‌ನ ಹೊರಕವಚದ ಪ್ರೋಟೀನು ಮಾತ್ರ. ಡಿಎನ್‌ಎ ಇಲ್ಲದ್ದರಿಂದ ಸೋಂಕು ತಗಲಿಸಲಾರದು. ನಮ್ಮ ದೇಶದಲ್ಲೇ ತಯಾರಾಗುವ ಸರ್ವಾವ್ಯಾಕ್ 6, 11, 16, 18 ಬಗೆಗಳನ್ನು ತಡೆಯುತ್ತದೆ. 9ರಿಂದ 14 ವರ್ಷದವರಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್. 15 ತುಂಬಿದರೆ 0, 2, 6ನೇ ತಿಂಗಳಲ್ಲಿ ಮೂರು. ಈಗಾಗಲೇ ಇರುವ ಸೋಂಕನ್ನು ಅದು ವಾಸಿಮಾಡದು. ಎಲ್ಲ ಬಗೆಗಳನ್ನೂ ತಡೆಯದ ಕಾರಣ, ದೊಡ್ಡವಳಾದ ಮೇಲೆ ಆಕೆಗೂ ತಪಾಸಣೆ ಬೇಕು.

ಸಂಭೋಗದ ನಂತರ ಅಥವಾ ಮುಟ್ಟಿನ ನಡುವೆ ರಕ್ತ ಕಂಡರೆ, ದುರ್ವಾಸನೆಯ ಸ್ರಾವವಾದರೆ ಗೊತ್ತುಮಾಡಿದ ದಿನಕ್ಕೆ ಕಾಯದೆ ವೈದ್ಯರನ್ನು ಕಾಣಿ. ಚಿಕಿತ್ಸೆಯಾದರೆ 12 ತಿಂಗಳಿಗೆ ಮತ್ತೆ ಎಚ್‌ಪಿವಿ ಪರೀಕ್ಷೆ ಮಾಡಿಸಿ. ಕಾಲ್ಪೊಸ್ಕೋಪಿಯಲ್ಲಿ ಏನೂ ಕಾಣದಿದ್ದರೂ ಒಂದು ವರ್ಷದ ಬಳಿಕ ಎಚ್‌ಪಿವಿ ಪರೀಕ್ಷೆ ಬೇಕು; ಇಂದಿನ ವರದಿಯನ್ನು ಜೊತೆಗೆ ಒಯ್ಯಿರಿ.